ಮೂವತ್ತೊಂಬತ್ತು ಅಡಿ ತಪ್ಪಿದ ಸರ್ವೆಯರ್

ಅಂಬಾಜಿದುರ್ಗದ ನೆತ್ತಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಬೆಟ್ಟದ ತಪ್ಪಲಿನ ಹೊಲಗಳಲ್ಲಿ ರಾಗಿ ಕೊಯ್ದಾಗಿದೆ. ಕೂಳೆಗಳ ಮೇಲೆ ಇಬ್ಬನಿ ಕೂತಿದೆ. ಹಳೆಯ ಉಣ್ಣೆಯ ಸ್ವೆಟರು ತೊಟ್ಟು, ತಲೆಗೆ ಟವೆಲು ಸುತ್ತಿಕೊಂಡ ನಲವತ್ತರ ಗಂಡಸೊಬ್ಬರು ಗಡಿ ಗುರುತಿನ ಬಾಂದುಕಲ್ಲಿನ ಪಕ್ಕ ಮಂಡಿಯೂರಿದ್ದಾರೆ. ಅವರ ಕೈಯಲ್ಲಿ ಕಬ್ಬಿಣದ ಸರಪಳಿಯ ಒಂದು ತುದಿ. ಇನ್ನೊಂದು ತುದಿ ಹಿಡಿದು ಮುಂದೆ ನಡೆಯುತ್ತಿರುವವರು ಅವರಿಗಿಂತ ಹದಿನೈದು ವರ್ಷ ಹಿರಿಯರಾದ, ಅಳತೆಯ ಸಹಾಯಕ ಮುನಿಗಂಗಪ್ಪ.

"ಎಳಿಯಪ್ಪ ಗಂಗಪ್ಪ. ಇನ್ನೂ ಸೊಲ್ಪ. ಜೋಲು ಬಿದ್ದಿದೆ ನೋಡು."

ಸರಪಳಿ ನೆಟ್ಟಗಾಗುತ್ತದೆ. "ಪದಕೊಂಡು!" ಎಂದು ಮುನಿಗಂಗಪ್ಪ ಕೂಗುತ್ತಾರೆ. ಹನ್ನೊಂದನೆಯ ಸರಪಳಿ. ಅವರು ಎಣಿಸುವುದು ತೆಲುಗಿನಲ್ಲಿ, ಮಾತಾಡುವುದು ಕನ್ನಡದಲ್ಲಿ. ಕೂತವರು ಎದ್ದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ.

ಇವರು ಕೆಂಚಾರ್ಲಹಳ್ಳಿಯ ಚನ್ನಕೇಶವ, ಸರ್ಕಾರಿ ಸರ್ವೆಯರ್. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹೊಲದ ಬದುಗಳ ಮೇಲೆ ಹದಿಮೂರು ವರ್ಷಗಳಿಂದ ಸೈಕಲ್ಲು ತುಳಿಯುತ್ತಿದ್ದಾರೆ. ಅದಕ್ಕೂ ಮುಂಚೆ, ಕಳೆದ ಯುದ್ಧದ ಕಾಲದಲ್ಲಿ, ಅಮೆರಿಕದಲ್ಲಿ ತಯಾರಾದ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನದಲ್ಲಿ ಕೂತು ಬಂಗಾಳ ಕೊಲ್ಲಿಯ ಮೇಲೆ ದಾರಿ ಹೇಳುತ್ತಿದ್ದರು. ಈ ಸುದ್ದಿ ಸುತ್ತಲಿನ ಹತ್ತು ಹಳ್ಳಿಯಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ. ಗೊತ್ತಿರುವವರೂ ಆ ಮಾತು ಎತ್ತುವುದಿಲ್ಲ.

"ಎತ್ತಿ ಏನ್ ಮಾಡ್ತಾರೆ ಸಾರ್," ಎನ್ನುತ್ತಾರೆ ಅವರು, ಸರಪಳಿ ಮಡಿಸುತ್ತ. "ವಿದುರಾಶ್ವತ್ಥದಲ್ಲಿ ಪೊಲೀಸ್ನೋರ ಗುಂಡಿಗೆ ಎದೆ ಕೊಟ್ಟ ಸೀಮೆ ನಮ್ದು. ನಾನು ನೋಡಿದ್ರೆ ಅದೇ ಬ್ರಿಟಿಷರ ವಿಮಾನ ಹತ್ತಿದೋನು. ವಾಪಸ್ ಬಂದಾಗ ನಮ್ಮ ಸೋದರಮಾವ ಆರು ತಿಂಗಳು ಮಾತಾಡಿಸಲಿಲ್ಲ. ತಪ್ಪು ಅಂತ ಹೇಳಲ್ಲ. ಅವರ ಲೆಕ್ಕ ಅವರಿಗೆ."

ನಸುಕಿನಲ್ಲೇ ಅಳತೆ ಶುರು ಮಾಡುವುದಕ್ಕೆ ಕಾರಣವಿದೆ. ಬಿಸಿಲು ಏರಿದರೆ ನೆಲದಿಂದ ಕಾವು ಎದ್ದು ದೂರದಲ್ಲಿ ನೆಟ್ಟ ಬಾವುಟ ಕುಣಿಯತೊಡಗುತ್ತದೆ. ಕುಣಿಯುವ ಬಾವುಟ ನೋಡಿ ಗೆರೆ ಎಳೆದರೆ ಗೆರೆಯೂ ಕುಣಿಯುತ್ತದೆ. ಹಾಗಾಗಿ ಐದೂವರೆಗೆ ಹೊಲದಲ್ಲಿರಬೇಕು, ಹತ್ತಕ್ಕೆ ದೊಡ್ಡ ಗೆರೆಗಳು ಮುಗಿದಿರಬೇಕು. ಮೂವತ್ತಮೂರು ಅಡಿಯ ಸರಪಳಿಯನ್ನು ದಿನಕ್ಕೆ ನೂರಿಪ್ಪತ್ತು ಸಲ ಹಾಸಿ ತೆಗೆಯುತ್ತಾರೆ. ನಡಿಗೆ ಹತ್ತು ಮೈಲಿಗೆ ಕಡಿಮೆ ಇಲ್ಲ. ಈವರೆಗೆ ನೆಟ್ಟ ಕಲ್ಲುಗಳು ಮೂರು ಸಾವಿರದ ನಾನೂರು.

ಅವುಗಳಲ್ಲಿ ಒಂದು ಸಾಲು ತಪ್ಪಿತ್ತು. ಇವತ್ತು ಅದನ್ನು ಸರಿಪಡಿಸಲು ಬಂದಿದ್ದಾರೆ. ಊರಿನ ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡದ್ದರಿಂದ ಬರೆಯುತ್ತಿಲ್ಲ.

ಚನ್ನಕೇಶವ ಹುಟ್ಟಿದ್ದು ಬೇಸಾಯದ ಮನೆಯಲ್ಲಿ, ರೇಷ್ಮೆ ಹುಳುವಿನ ತಟ್ಟೆಗಳ ನಡುವೆ. ಚಿಂತಾಮಣಿಯಲ್ಲಿ ಹೈಸ್ಕೂಲು, ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್. ಗಣಿತದಲ್ಲಿ ಕಾಲೇಜಿಗೇ ಮೊದಲು. ೧೯೪೨ರಲ್ಲಿ ವಿಮಾನಪಡೆಗೆ ಅರ್ಜಿ ಹಾಕಿದರು. ಪೈಲಟ್ ಆಗಬೇಕೆಂಬ ಆಸೆ. ಕಣ್ಣಿನ ಪರೀಕ್ಷೆಯಲ್ಲಿ ಅದು ಕೈತಪ್ಪಿತು. ಗಣಿತ ಬರುತ್ತದೆಂದು ನ್ಯಾವಿಗೇಟರ್ ತರಬೇತಿಗೆ ಹಾಕಿದರು. ನಕ್ಷೆ, ದಿಕ್ಸೂಚಿ, ಗಡಿಯಾರ, ಪೆನ್ಸಿಲು ಇಟ್ಟುಕೊಂಡು ವಿಮಾನ ಈಗ ಎಲ್ಲಿದೆ, ಯಾವ ಕಡೆ ತಿರುಗಬೇಕು ಎಂದು ಪೈಲಟ್ಟಿಗೆ ಹೇಳುವ ಕೆಲಸ.

"ಪೈಲಟ್ಟು ಎತ್ತಿನ ಮೂಗುದಾರ ಹಿಡಿದೋನು. ಯಾವ ಊರಿಗೆ ಹೋಗೋದು ಅಂತ ಹೇಳೋನು ನಾನು," ಎಂದು ನಗುತ್ತಾರೆ. ಬಂಗಾಳದ ವಿಮಾನನೆಲೆಯಿಂದ ಬರ್ಮಾದ ರೈಲುದಾರಿ, ಸೇತುವೆ, ಬಂದರುಗಳ ಮೇಲೆ ಒಟ್ಟು ಮೂವತ್ತೊಂದು ದಾಳಿ. ಒಂದೊಂದಕ್ಕೆ ಹನ್ನೆರಡು ಹದಿಮೂರು ಗಂಟೆ. ಬಹುಪಾಲು ಹೊತ್ತು ಕೆಳಗೆ ನೀರು ಬಿಟ್ಟರೆ ಏನೂ ಇಲ್ಲ.

ಆ ದಾಳಿಗಳ ಬಗ್ಗೆ ಹೆಮ್ಮೆಯಿದೆಯೇ ಎಂದು ಕೇಳುತ್ತೇನೆ.

"ಅಷ್ಟು ಮೇಲಿಂದ ಜನ ಕಾಣಿಸಲ್ಲ ಸಾರ್. ಸೇತುವೆ ಕಾಣ್ತದೆ, ನದಿ ಕಾಣ್ತದೆ. ಬಾಂಬಿನ ಗುಂಡಿ ಒತ್ತಿದೋನು ಬೇರೆ. ಆದ್ರೆ ಅಲ್ಲಿಗೆ ಗೆರೆ ಎಳೆದು ಕೊಟ್ಟೋನು ನಾನು. ಅದನ್ನ ಇಲ್ಲ ಅನ್ನಕ್ಕಾಗಲ್ಲ."

ಅವರು ಮರೆಯದೆ ಇಟ್ಟುಕೊಂಡಿರುವ ದಿನವೊಂದಿದೆ. ೧೯೪೫ರ ಮಾರ್ಚ್. ದೂರದ ರೈಲು ಸೇತುವೆಯೊಂದರ ದಾಳಿ ಮುಗಿಸಿ ವಿಮಾನ ಹಿಂದಿರುಗುತ್ತಿತ್ತು. ಹತ್ತು ಜನರ ತಂಡ. ಗಾಳಿ ವಿಮಾನವನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆ ಎಂದು ಗಂಟೆಗೊಮ್ಮೆ ಲೆಕ್ಕ ಹಾಕಬೇಕು. ಬೆಳಿಗ್ಗೆ ಹಾಕಿದ್ದರು. ಮಧ್ಯಾಹ್ನ ಮತ್ತೆ ಹಾಕಲಿಲ್ಲ.

"ಗುಂಡಿನ ಸದ್ದು ಮುಗಿದಿತ್ತು, ಬದುಕಿದ್ವಿ ಅನ್ನೋ ಸಮಾಧಾನ. ಮೈ ಸೋತಿತ್ತು. ಬೆಳಗಿನ ಗಾಳೀನೇ ಇದೆ ಅಂದ್ಕೊಂಡೆ. ಗಾಳಿ ದಿಕ್ಕು ಬದಲಾಯಿಸಿತ್ತು. ಐದು ಡಿಗ್ರಿ ವ್ಯತ್ಯಾಸ. ಅರವತ್ತು ಮೈಲಿ ಹೋದ್ರೆ ಒಂದು ಡಿಗ್ರಿಗೆ ಒಂದು ಮೈಲಿ ತಪ್ತದೆ. ನಾವು ಆರುನೂರು ಮೈಲಿ ಹೋಗಿದ್ವಿ. ನೀವೇ ಗುಣಿಸಿ."

ಐವತ್ತು ಮೈಲಿ. ನೆಲ ಕಾಣಬೇಕಾದ ಹೊತ್ತಿಗೆ ನೆಲ ಕಾಣಲಿಲ್ಲ. ಹತ್ತು ನಿಮಿಷ ಕಳೆದರೂ ಸಮುದ್ರವೇ. ಪೈಲಟ್ ಕೆನಡಾದವನು, ಕಡಿಮೆ ಮಾತಿನವನು. 'ಎಲ್ಲಿದೀವಿ?' ಎಂದು ಕೇಳಿದ. ಚನ್ನಕೇಶವ 'ನನ್ನ ಲೆಕ್ಕ ತಪ್ಪಿದೆ, ಐದು ನಿಮಿಷ ಕೊಡು' ಎಂದರು. ಕೈಯಲ್ಲಿ ಸೆಕ್ಸ್‌ಟೆಂಟ್ ಹಿಡಿದು ಪಡುವಣ ಸೂರ್ಯನ ಎತ್ತರ ಅಳೆದರು. ಸಂಜೆಯ ಸೂರ್ಯ ಪೂರ್ವ ಪಶ್ಚಿಮದಲ್ಲಿ ನಾವೆಷ್ಟು ಜರುಗಿದ್ದೇವೆಂದು ಹೇಳುತ್ತದೆ. ಪಶ್ಚಿಮಕ್ಕೆ ಹೋಗಿಬಿಟ್ಟಿದ್ದರು. ವಿಮಾನ ತಿರುಗಿಸಿದರು. ಗಂಗೆ ಸಮುದ್ರ ಸೇರುವ ಕಡೆಯ ಕೆಸರುನೆಲ ಕಂಡಾಗ ಪೆಟ್ರೋಲು ಮುಗಿಯಿತು. ವಿಮಾನ ಹೊಟ್ಟೆಯ ಮೇಲೆ ಜಾರಿ ಕೆಸರಿನಲ್ಲಿ ಮುರಿದು ನಿಂತಿತು. ಒಂಬತ್ತು ಜನ ನಡೆದು ಹೊರಬಂದರು. ಬಾಲದಲ್ಲಿ ಕೂರುತ್ತಿದ್ದ ಗನ್ನರ್ ಆಲ್ಬರ್ಟ್ ಎರಡನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ವಿಚಾರಣೆ ನಡೆಯಿತು. ವಿಚಾರಣೆಗೆ ಬಂದವರು ಅಮೆರಿಕದ ಕ್ಯಾಪ್ಟನ್ ಪ್ರೂಯಿಟ್. ಅವರ ವಿಷಯ ಬಂದಾಗ ಚನ್ನಕೇಶವ ಸರಪಳಿ ಕೆಳಗಿಟ್ಟು ಬದುವಿನ ಮೇಲೆ ಕೂರುತ್ತಾರೆ.

ಪ್ರೂಯಿಟ್ ನೆಬ್ರಾಸ್ಕಾ ಎಂಬ ಸೀಮೆಯ ಮುಸುಕಿನ ಜೋಳದ ರೈತರ ಮಗ. ಯುದ್ಧಕ್ಕೆ ಮುಂಚೆ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮನೆ ಬಿಟ್ಟು ಇಪ್ಪತ್ತಾರು ತಿಂಗಳಾಗಿತ್ತು. ಪಕ್ಕದ ಅಮೆರಿಕನ್ ನೆಲೆಯಿಂದ ನ್ಯಾವಿಗೇಟರ್ ಆಗಿ ನಲವತ್ತೇಳು ದಾಳಿ ಮುಗಿಸಿ, ಊರಿಗೆ ಹೋಗಬಹುದಾಗಿದ್ದರೂ ಹೋಗದೆ, ಎರಡೂ ಪಡೆಗಳ ನ್ಯಾವಿಗೇಟರುಗಳಿಗೆ ಪಾಠ ಹೇಳುತ್ತ ಉಳಿದಿದ್ದರು. ಮಲೇರಿಯಾದಿಂದ ಕಣ್ಣು ಹಳದಿಯಾಗಿತ್ತಂತೆ.

"ನನ್ನ ಲಾಗ್ ಪುಸ್ತಕ ನೀರಲ್ಲಿ ನೆಂದು ಅಕ್ಷರ ಹರಡಿತ್ತು. ಏನಿತ್ತು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಗುಂಡು ತಗುಲಿ ದಿಕ್ಸೂಚಿ ಕೆಟ್ಟಿತ್ತು ಅಂದಿದ್ರೆ ಮುಗೀತಿತ್ತು. ಆ ಮನುಷ್ಯ ನನ್ನ ಮುಖ ನೋಡಿ ಒಂದು ಖಾಲಿ ಹಾಳೆ ಮುಂದಿಟ್ಟ. 'ನಿಂಗೆ ಒಂದು ವಿಷಯ ಹೇಳ್ತೀನಿ, ಆಮೇಲೆ ಬರಿ' ಅಂದ."

ಪ್ರೂಯಿಟ್ ಹೇಳಿದ್ದು ತಮ್ಮದೇ ತಪ್ಪು. ಮೋಡದ ದಿನವೊಂದರಲ್ಲಿ ಆರು ವಿಮಾನಗಳನ್ನು ಹಿಂದಿಟ್ಟುಕೊಂಡು ಹೊರಟು, ನದಿಯ ತಿರುವೊಂದನ್ನು ಇನ್ನೊಂದೆಂದು ತಿಳಿದು, ಬಾಂಬೆಲ್ಲ ಗದ್ದೆಗೆ ಬೀಳುವಂತೆ ಮಾಡಿದ್ದರು. ಗದ್ದೆಯಲ್ಲಿ ಯಾರಿದ್ದರೆಂದು ಇವತ್ತಿಗೂ ಗೊತ್ತಿಲ್ಲ. ಹಿಂದಿನ ಆರು ವಿಮಾನದವರು ತಪ್ಪನ್ನು ಮೋಡದ ಮೇಲೆ ಹಾಕೋಣ ಎಂದರು. ಪ್ರೂಯಿಟ್ ಒಪ್ಪದೆ ನಡೆದದ್ದನ್ನು ಪೂರ್ತಿ ಬರೆದುಕೊಟ್ಟರು. ಅದನ್ನು ಓದಿದವರು ನಕ್ಷೆ ತೆಗೆದು ನೋಡಿದರೆ, ನಕ್ಷೆಯಲ್ಲೇ ಆ ತಿರುವು ನಾಲ್ಕು ಮೈಲಿ ತಪ್ಪಾಗಿ ಅಚ್ಚಾಗಿತ್ತು. ನಕ್ಷೆ ತಿದ್ದಿದರು.

"'ನಾನು ಮುಚ್ಚಿಟ್ಟಿದ್ರೆ ಮುಂದಿನ ವಾರ ಹೋದೋರೂ ಅಲ್ಲೇ ತಪ್ತಿದ್ರು. ನಿನ್ನ ಹಾಳೆ ನಂಬಿಕೊಂಡು ನಾಳೆ ಇನ್ನೊಬ್ಬ ಹಾರ್ತಾನೆ ಕಣಪ್ಪ' ಅಂದ. ಕಣಪ್ಪ ಅಂತ ಅಂದಿದ್ದು ಇಂಗ್ಲಿಷಲ್ಲಿ, ಆದ್ರೂ ನಂಗೆ ಹಂಗೇ ಕೇಳಿಸ್ತು. ಬರೆದೆ. ಪೂರ್ತಿ ಬರೆದೆ. ಆಲ್ಬರ್ಟ್ ಹೆಸರು ಬರೆಯೋವಾಗ ಕೈ ನಿಂತುಬಿಡ್ತು. ಪ್ರೂಯಿಟ್ ಕಾದ."

ಐದು ದಿನಕ್ಕೆ ಪ್ರೂಯಿಟ್ ಇವರನ್ನು ಮತ್ತೆ ವಿಮಾನ ಹತ್ತಿಸಿದರು. ಮೊದಲ ಹಾರಾಟಕ್ಕೆ ತಾವೂ ಪಕ್ಕದಲ್ಲಿ ಕೂತು ಬಂದರು. ಹದಿಮೂರು ಗಂಟೆಯಲ್ಲಿ ಒಂದೇ ಒಂದು ಮಾತೂ ಆಡಲಿಲ್ಲವಂತೆ. ಗಂಟೆಗೊಮ್ಮೆ ತಮ್ಮ ಕೈಗಡಿಯಾರ ಇವರ ಕಡೆ ತಿರುಗಿಸಿ ತೋರಿಸುತ್ತಿದ್ದರು, ಅಷ್ಟೇ. ಯುದ್ಧ ಮುಗಿದ ಮೇಲೆ ಊರಿಗೆ ಹೋಗಿ ಮತ್ತೆ ಮೇಷ್ಟ್ರಾದರು ಎಂದು ಒಂದು ಕಾಗದ ಬಂದಿತ್ತು. ಆಮೇಲೆ ಸುದ್ದಿಯಿಲ್ಲ.

"ವಿಮಾನಪಡೇಲೇ ಇರಬಹುದಿತ್ತಲ್ಲ?" ಎಂದೆ.

"ಸಾಕಾಗಿತ್ತು ಸಾರ್. ಗೆರೆ ಎಳೆದ ಮೇಲೆ ಅಲ್ಲಿ ಏನಾಗ್ತದೆ ಅಂತ ನೆಲದ ಮೇಲೆ ನಿಂತು ನೋಡಬೇಕು ಅನ್ನಿಸ್ತು."

ನೋಡಿದರು. ಐದು ವರ್ಷದ ಹಿಂದೆ, ೧೯೫೭ರಲ್ಲಿ, ಈ ಊರಿನ ಗೋಮಾಳದಲ್ಲಿ ಹದಿನಾಲ್ಕು ಬಡ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ದರಖಾಸ್ತು ಜಮೀನು ಅಳೆದುಕೊಟ್ಟವರು ಇವರೇ. ಮೂಲೆಯ ಹಳೇ ಬಾಂದುಕಲ್ಲನ್ನು ಆಧಾರ ಮಾಡಿಕೊಂಡರು. ಆ ಕಲ್ಲು ತನ್ನ ಜಾಗದಲ್ಲೇ ಇದೆಯೇ ಎಂದು ಹಳೇ ದಾಖಲೆಯ ಮೂರು ಅಳತೆಗಳಿಂದ ತಾಳೆ ನೋಡಬೇಕು. ಒಂದನ್ನು ನೋಡಿದರು, ಸರಿಬಂತು. ಕಲ್ಲು ಪಕ್ಕಕ್ಕೆ ಸರಿದಿದ್ದರೂ ಒಂದು ಅಳತೆ ಸರಿಬರಬಹುದು. ಮಳೆ ಕಟ್ಟಿಕೊಂಡಿತ್ತು. ಉಳಿದೆರಡು ನೋಡಲಿಲ್ಲ.

ಆ ಗೆರೆಯಿಂದ ಪೆಟ್ಟು ತಿಂದವರು ಆ ಹದಿನಾಲ್ಕು ಕುಟುಂಬಗಳಲ್ಲೊಂದರ ಕೊಂಡಮ್ಮ. ಆಕೆ ಮತ್ತು ಗಂಡ ಮುನಿಶಾಮಿ ಅಳತೆಗೂ ಮುಂಚೆ ಎರಡು ಬೇಸಿಗೆ ಅಗೆದಿದ್ದ ಬಾವಿ, ಹೊಸ ಗೆರೆ ಬಿದ್ದಾಗ ಪಕ್ಕದ ಜಮೀನುದಾರರಾದ ವೆಂಕಟರಾಮಪ್ಪನವರ ಕಡೆಗೆ ಸೇರಿಹೋಯಿತು. ಆಗಷ್ಟೇ ನೀರು ಜಿನುಗಿತ್ತು.

"ಸರ್ಕಾರದೋರು ಸರಪಳಿ ಹಾಕಿ ಅಳೆದವ್ರೆ, ನಾವೇನ್ ಏಳಾದು ಸಾಮಿ," ಎನ್ನುತ್ತಾರೆ ಕೊಂಡಮ್ಮ. "ನೀರಿಲ್ದಿದ್ ಮ್ಯಾಲೆ ಬೆಳೆ ಏನ್ ಬತ್ತದೆ? ನನ್ ಗಂಡ ಕೋಲಾರದ ಚಿನ್ನದ ಗಣೀಗೆ ಕೂಲಿಗೋದ. ನಾನು ಕೆರೆಕುಂಟೆಯಿಂದ ನೀರ್ ಒತ್ತೆ. ನಾಕು ವರ್ಸ."

ಅರ್ಜಿ ಕೊಡಲಿಲ್ಲವೇ? "ಯಾರ್ ಮ್ಯಾಲೆ? ಗೆರೆ ತಪ್ಪದೆ ಅಂತ ನಮ್ಗೆ ಗೊತ್ತಿತ್ತಾ?"

ಯಾರಿಗೂ ಗೊತ್ತಿರಲಿಲ್ಲ. ೧೯೬೦ರ ಡಿಸೆಂಬರಿನಲ್ಲಿ ಚನ್ನಕೇಶವ ಪಕ್ಕದ ಊರನ್ನು ಆ ಕಡೆಯಿಂದ ಅಳೆಯುತ್ತ ಬಂದರು. ಎರಡೂ ಊರಿನ ಗಡಿ ಒಂದೇ ಕಡೆ ಸೇರಬೇಕು. ಸೇರಲಿಲ್ಲ. ಮೂವತ್ತೊಂಬತ್ತು ಅಡಿ ವ್ಯತ್ಯಾಸ. ಸರಪಳಿಯೇ ಕೆಟ್ಟಿರಬೇಕೆಂದು ಮೂರು ಸಲ ಅಳೆದರು. ಮನೆಗೆ ಹೋಗಿ ಹಳೇ ಪುಸ್ತಕ ತೆಗೆದರು. ಮೂರು ಅಳತೆಗಳಲ್ಲಿ ಒಂದರ ಮುಂದೆ ಮಾತ್ರ ಸರಿ ಗುರುತು. ಉಳಿದೆರಡರ ಮುಂದೆ ಖಾಲಿ.

"ಎರಡನೇ ಸಲ ಸಾರ್. ಗಾಳಿ ಮತ್ತೆ ನೋಡದೆ ಹೋದೋನೇ ಕಲ್ಲೂ ಮತ್ತೆ ನೋಡದೆ ಹೋಗಿದ್ದ. ಅವತ್ತು ಊಟ ಸೇರಲಿಲ್ಲ."

ಮೂವತ್ತೊಂಬತ್ತು ಅಡಿ ಅಗಲ, ಸುಮಾರು ಅರ್ಧ ಮೈಲಿ ಉದ್ದ. ಎರಡು ಎಕರೆ ಹದಿಮೂರು ಗುಂಟೆ. ಮರುದಿನವೇ ತಮ್ಮ ಮೇಲೆ ತಾವೇ ವರದಿ ಬರೆದುಕೊಟ್ಟರು. ಮೇಲಿನವರೊಬ್ಬರು ಕನಿಕರದಿಂದಲೇ ಕೇಳಿದರಂತೆ, ಯಾರೂ ಕೇಳದ ಪ್ರಶ್ನೆಗೆ ಯಾಕಯ್ಯ ಉತ್ತರ ಬರೀತೀಯ ಎಂದು. ವರದಿ ವಾಪಸ್ ಬಂತು. ಮತ್ತೆ ಕಳಿಸಿದರು. ಮತ್ತೆ ಬಂತು. ಮೂರನೆಯ ಸಲ ನಕ್ಷೆ ಲಗತ್ತಿಸಿ ತಾವೇ ಹೊತ್ತುಕೊಂಡು ಹೋಗಿ ಕೂತರು. ಬರಬೇಕಾಗಿದ್ದ ಬಡ್ತಿ ನಿಂತಿತು. ಒಂದು ವರ್ಷ ಕಳೆದ ಮೇಲೆ ಮರು ಅಳತೆಗೆ ಒಪ್ಪಿಗೆ ಸಿಕ್ಕಿತು.

ಹೆಂಡತಿ ವೆಂಕಟರತ್ನಮ್ಮ ಇದನ್ನು ಬೇರೆ ಥರ ಹೇಳುತ್ತಾರೆ. "ಕಂಡೋರ ತಪ್ಪು ಎತ್ತಿ ತೋರ್ಸೋರನ್ನ ನೋಡಿದೀನಿ. ನಮ್ಮನೆಯೋರು ತಮ್ಮ ತಪ್ಪು ತಾವೇ ತಗೊಂಡೋಗಿ, ಬೇಡ ಅಂದ್ರೂ ಬಿಡದೆ ಕೊಟ್ಬಂದ್ರು. ಮೊದ್ಲು ಬೈದೆ. ಆಮೇಲೆ ಮೂರನೇ ಸಲ ಹೋಗೋವಾಗ ಬುತ್ತಿ ಕಟ್ಟಿಕೊಟ್ಟೆ."

ಬೆಳಿಗ್ಗೆ ಎಂಟೂವರೆ. ಮೂರು ಹಳೇ ಕಲ್ಲುಗಳಿಂದ ಮೂರು ಗೆರೆ ಎಳೆದು ತಂದಾಗಿದೆ. ಮೂರೂ ಸೇರುವಲ್ಲಿ ನಿಜವಾದ ಮೂಲೆ ಇರಬೇಕು. ಮೂರು ಗೆರೆಗಳು ಒಂದೇ ಚುಕ್ಕೆಯಲ್ಲಿ ಸೇರುವುದು ಪುಸ್ತಕದಲ್ಲಿ ಮಾತ್ರ. ನೆಲದ ಮೇಲೆ ಅವು ಚಾಪೆಯಗಲದ ಒಂದು ತ್ರಿಕೋನವಾಗಿ ನಿಂತಿವೆ. ಸುತ್ತ ಐವತ್ತು ಜನ ನೆರೆದಿದ್ದಾರೆ. ಬಿಳಿ ಪಂಚೆಯ ವೆಂಕಟರಾಮಪ್ಪನವರು ಮುಂದೆ ಬರುತ್ತಾರೆ.

"ಏನ್ ಸ್ವಾಮಿ, ಆ ಕಲ್ಲನ್ನ ಒಪ್ಪಿ ಗೆರೆ ಎಳೆದೋರು ನೀವೇ. ಈವತ್ತು ತಪ್ಪು ಅನ್ನೋರೂ ನೀವೇ. ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದೀರಾ?"

"ಅವತ್ತು ತಪ್ಪು ಮಾಡ್ದೆ, ಯಜಮಾನ್ರೆ. ಇವತ್ತು ಹೇಳ್ತಿದೀನಿ."

"ನಮ್ಮಪ್ಪನ ಕಾಲದಿಂದ ಆ ಕಲ್ಲು ಅಲ್ಲೇ ಇದೆ. ನಾನು ಕಿತ್ತಿಟ್ಟೆ ಅಂತೀರಾ?"

"ಯಾರು ಕಿತ್ರು ಅಂತ ನಾನು ಕೇಳಕ್ಕೆ ಬಂದಿಲ್ಲ. ಪ್ರವಾಹ ತಳ್ಳಿರಬಹುದು, ಗಾಡಿ ಗುದ್ದಿರಬಹುದು. ಎಲ್ಲಿತ್ತು ಅಂತ ಹುಡುಕಕ್ಕೆ ಬಂದಿದೀನಿ."

"ಕಾಗದದ ಮೇಲೆ ಯಾರು ಬೇಕಾದ್ರೂ ಗೆರೆ ಎಳೀತಾರೆ. ನೆಲ ಹೇಳಬೇಕಲ್ಲ?"

"ಸರಿ. ನೆಲಾನೇ ಕೇಳಣ," ಎಂದು ಚನ್ನಕೇಶವ ಗುದ್ದಲಿ ತರಿಸುತ್ತಾರೆ. ಹಿಂದಿನ ಕಾಲದ ಸರ್ವೆಯರುಗಳು ಮುಖ್ಯ ಕಲ್ಲು ನೆಡುವ ಮುಂಚೆ ಗುಂಡಿಗೆ ಇದ್ದಿಲು ಸುರಿಯುತ್ತಿದ್ದರು ಎಂದು ಎಲ್ಲರಿಗೂ ಕೇಳುವಂತೆ ವಿವರಿಸುತ್ತಾರೆ. ಕಲ್ಲು ಜರುಗಬಹುದು, ಕಳುವಾಗಬಹುದು. ಇದ್ದಿಲು ಕೊಳೆಯುವುದಿಲ್ಲ, ಮಣ್ಣಾಗುವುದಿಲ್ಲ. "ಈ ಮುಕ್ಕೋಣದೊಳಗೆ ಇದ್ದಿಲು ಸಿಗದಿದ್ರೆ ಹಳೇ ಗೆರೇನೇ ಇರ್ಲಿ. ನಾನು ಬರೆದುಕೊಟ್ಟು ಹೋಗ್ತೀನಿ."

ಮುನಿಗಂಗಪ್ಪ ಅಗೆಯತೊಡಗುತ್ತಾರೆ. ಒಂದು ಅಡಿ. ಕೆಮ್ಮಣ್ಣು. ಒಂದೂವರೆ ಅಡಿ. ನೊರಜುಗಲ್ಲು. ಯಾರೋ ಹಿಂದೆ ನಗುತ್ತಾರೆ. ಎರಡು ಅಡಿ. ವೆಂಕಟರಾಮಪ್ಪನವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಕೊಂಡಮ್ಮ ಸೆರಗು ಬಾಯಿಗೊತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ. ಚನ್ನಕೇಶವ ಮತ್ತೊಮ್ಮೆ ಪುಸ್ತಕ ತೆರೆದು ಮೂರೂ ಅಳತೆ ಬೆರಳಿಟ್ಟು ಓದುತ್ತಾರೆ.

"ತೆಂಕಲ ಮೂಲೆಗೆ ಬಾ ಗಂಗಪ್ಪ. ಮುಕ್ಕೋಣ ಬಿಟ್ಟು ಆಚೆ ಹೋಗಬೇಡ."

ಗುದ್ದಲಿ ಇನ್ನೂ ಒಂದು ಗೇಣು ಇಳಿಯುತ್ತದೆ. ಮುನಿಗಂಗಪ್ಪ ಬಗ್ಗಿ ಮಣ್ಣು ಕೆದರುತ್ತಾರೆ. ಎದ್ದು ನಿಂತು ಅಂಗೈ ಚಾಚುತ್ತಾರೆ. ಅಂಗೈ ಕಪ್ಪಾಗಿದೆ.

"ಬೊಗ್ಗು ಸಾಮೀ," ಎನ್ನುತ್ತಾರೆ, ಉಸಿರು ಬಿಟ್ಟು. ಇದ್ದಿಲು.

ಗುಂಡಿಯಿಂದ ಎರಡು ಹಿಡಿ ಇದ್ದಿಲು ಬರುತ್ತದೆ. ವೆಂಕಟರಾಮಪ್ಪನವರು ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. "ನೆಡೀರಿ ಕಲ್ಲು. ಅವರಿವರ ನೀರು ನಮಗ್ಯಾಕೆ," ಎಂದು ಹೇಳಿ ಹಿಂದಿರುಗಿ ನೋಡದೆ ಊರ ಕಡೆ ನಡೆಯುತ್ತಾರೆ. ಪಂಚರು ಮಹಜರಿಗೆ ಸಹಿ, ಹೆಬ್ಬೆಟ್ಟು ಹಾಕುತ್ತಾರೆ. ಹನ್ನೊಂದು ಗಂಟೆಗೆ ಹೊಸ ಕಲ್ಲು ನಿಲ್ಲುತ್ತದೆ. ಬಾವಿ ಗೆರೆಯಿಂದ ಇಪ್ಪತ್ತೆರಡು ಅಡಿ ಒಳಗೆ, ಕೊಂಡಮ್ಮನ ಹೊಲದಲ್ಲಿ.

ಚನ್ನಕೇಶವ ಆಕೆಯ ಮುಂದೆ ಹೋಗಿ ನಿಲ್ಲುತ್ತಾರೆ. "ನಾಲ್ಕು ವರ್ಷ ನನ್ನಿಂದ ಹೋಯ್ತು ಕಣಮ್ಮ. ಅದನ್ನ ಅಳೆದು ಕೊಡೋ ಸರಪಳಿ ನನ್ನ ಹತ್ರ ಇಲ್ಲ."

ಕೊಂಡಮ್ಮ ಅವರನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ. ಕ್ಷಮಿಸಿದೆ ಎನ್ನುವುದಿಲ್ಲ. "ನನ್ ಗಂಡಂಗೆ ಒಂದ್ ಕಾಗ್ದ ಬರ್ಕೊಡಿ ಸಾಮಿ. ಬಾವಿ ನಮ್ದಾಯ್ತು, ಗುದ್ದಲಿ ಮಚ್ಚು ತಕ್ಕಂಡ್ ಬಾ ಅಂತ ಬರೀರಿ," ಎನ್ನುತ್ತಾರೆ. ಸರ್ವೆಯರ್ ಬದುವಿನ ಮೇಲೆ ಕೂತು, ಅಳತೆಯ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು, ಆಕೆ ಹೇಳಿದ ಒಂದೊಂದು ಮಾತನ್ನೂ ಬರೆಯುತ್ತಾರೆ. ಬರೆದದ್ದನ್ನು ಓದಿ ಹೇಳುತ್ತಾರೆ. ಆಕೆ ಒಂದು ಕಡೆ ತಿದ್ದಿಸುತ್ತಾರೆ.

ಚಿಂತಾಮಣಿಯ ಬಸ್ಸಿಗೆ ನನ್ನನ್ನು ಬಿಡಲು ಸೈಕಲ್ಲು ತಳ್ಳಿಕೊಂಡು ಬರುತ್ತಾರೆ. ನಿಂತಿರುವ ಬಡ್ತಿಯ ಬಗ್ಗೆ ಬರೆಯಲೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. ಮತ್ತೇನು ಬರೆಯಲಿ ಎಂದು ಕೇಳುತ್ತೇನೆ.

"ವಿಮಾನದ ಕತೆ ಉದ್ದ ಆದ್ರೆ ಕತ್ತರಿಸಿ ಸಾರ್, ಇದೊಂದು ಹಾಕಿ. ನಾನು ನೆಟ್ಟ ಕಲ್ಲಿನ ಮೇಲೆ ಯಾರಿಗಾದ್ರೂ ಅನುಮಾನ ಇದ್ರೆ, ಅರ್ಜಿ ಬೇಡ, ವಕೀಲರು ಬೇಡ. ಕೆಂಚಾರ್ಲಹಳ್ಳಿ ಚನ್ನಕೇಶವ ಅಂತ ಒಂದು ಕಾರ್ಡು ಹಾಕ್ಲಿ. ಅಕ್ಷರ ಬರದೋರು ಹೇಳಿ ಕಳಿಸ್ಲಿ. ಬರ್ತೀನಿ."